ಒಳಗೆ ಕರೆಯುವ ಕಸುಬು

ಬೆಳಿಗ್ಗೆ ಆರೂವರೆಗೆ ತುಮಕೂರಿನ ಬಟವಾಡಿಯಲ್ಲಿ ಬಿ.ಎಚ್. ರಸ್ತೆಯ ಅಂಚಿಗೆ ಬಂದು ನಿಂತರೆ ಕಂಪನಿ ಬಸ್ಸುಗಳ ಸಾಲು ಕಾಣುತ್ತದೆ. ಕೆಲವು ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ, ಕೆಲವು ಡಾಬಸ್‌ಪೇಟೆ, ಪೀಣ್ಯದ ಕಡೆಗೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಇಲ್ಲೇ ಒಬ್ಬ ಹುಡುಗಿಯನ್ನು ನೋಡಿದೆ. ಬಲಗಾಲಿಗೆ ಕ್ಯಾಲಿಪರ್ ಹಾಕಿದ್ದಳು. ಬಸ್ಸಿನ ಮೊದಲ ಮೆಟ್ಟಿಲು ಅವಳ ಮೊಣಕಾಲಿನಷ್ಟು ಎತ್ತರಕ್ಕಿತ್ತು. ಟಿಫಿನ್ ಬ್ಯಾಗನ್ನು ಮೊದಲು ಒಳಗಿಟ್ಟಳು. ಎರಡೂ ಕೈಯಲ್ಲಿ ಬಾಗಿಲ ಕಂಬಿ ಹಿಡಿದು ಎಡಗಾಲು ಮೇಲಿಟ್ಟಳು. ಆಮೇಲೆ ಒಂದು ಕೈ ಬಿಟ್ಟು, ಬಲಗಾಲನ್ನು ಆ ಕೈಯಿಂದಲೇ ಎತ್ತಿಟ್ಟುಕೊಂಡಳು. ಕ್ಯಾಲಿಪರ್‌ನ ಕಂಬಿ ಮೆಟ್ಟಿಲಿಗೆ ಟಣ್ ಎಂದು ತಗುಲಿತು. ಡ್ರೈವರ್ ಗದರಲಿಲ್ಲ, ಸುಮ್ಮನೆ ಕಾದ. ದಿನಾ ಇಷ್ಟು ಹೊತ್ತು ಹಿಡಿಯುತ್ತದೆ ಎಂದು ಅವನಿಗೂ ಗೊತ್ತಿದ್ದಂತಿತ್ತು.

ನನ್ನ ಪಕ್ಕದಲ್ಲಿ ನಮ್ಮ ಬೀದಿಯ ವಕೀಲೆಯೊಬ್ಬರು ನಿಂತಿದ್ದರು. "ಆ ಫ್ಯಾಕ್ಟರಿ ನಾನು ನೋಡಿದೀನಿ ಅಣ್ಣ. ಒಳಗೆ ರ‍್ಯಾಂಪ್ ಚೆನ್ನಾಗೇ ಮಾಡಿದಾರೆ. ಬಸ್ ಹತ್ತೋದನ್ನ ಮಾತ್ರ ಯಾರೂ ಬಂದು ನೋಡಿಲ್ಲ" ಎಂದರು.

ಅವರು ಆ ಕಾರ್ಖಾನೆಯ ನೌಕರರಲ್ಲ. ಅದೂ ಸೇರಿ ನಾಲ್ಕು ಕಡೆ ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆ. ಅದರ ಜೊತೆಗೆ ಹೆಣ್ಣುಮಕ್ಕಳು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ಕೆಲಸಕ್ಕೆ ಬಂದರೆ ಸಂಸ್ಥೆ ಹೇಗೆ ಬದಲಾಗಬೇಕು ಎಂದು ಸಲಹೆ ಕೊಡುತ್ತಾರೆ, ತರಬೇತಿ ನಡೆಸುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ 'ಡಿ ಆಂಡ್ ಐ (ಡೈವರ್ಸಿಟಿ ಆಂಡ್ ಇನ್‌ಕ್ಲೂಷನ್) ಕನ್ಸಲ್ಟೆಂಟ್' ಎಂಬ ಹೆಸರಿದೆ. ಬಟವಾಡಿಯಲ್ಲಿ ಇನ್ನೂ ಹೆಸರಿಲ್ಲ. ಏನು ಕೆಲಸ ಎಂದು ನೆಂಟರು ಕೇಳಿದರೆ ಅವರು "ಕಂಪನಿ ಕೆಲಸ" ಎಂದುಬಿಡುತ್ತಾರಂತೆ.

ಅಮೆರಿಕದಿಂದ ಐಟಿ ಕಂಪನಿಗಳ ಜೊತೆ ಇಳಿದುಬಂದ ಕಸುಬಿದು ಎಂದೇ ಬಹಳ ಜನ ತಿಳಿದಿದ್ದಾರೆ. ಹೆಸರು ಅಲ್ಲಿಂದ ಬಂದದ್ದು ನಿಜ. ಕಸುಬಿನ ಬೇರು ಮಾತ್ರ ನಮ್ಮ ಮಣ್ಣಿನಲ್ಲೇ ಸಾಕಷ್ಟು ಆಳಕ್ಕಿದೆ.

ನನ್ನ ಮಟ್ಟಿಗೆ ಇದರ ಮೊದಲ ಕಡತ 1918ರದ್ದು. ಅದರ ಹಿಂದಿನ ವರ್ಷ ಹುಟ್ಟಿದ ಪ್ರಜಾಮಿತ್ರ ಮಂಡಳಿ, ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದ ಸಮುದಾಯಗಳಿಗೂ ಪಾಲು ಸಿಗಬೇಕು ಎಂದು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಮನವಿ ಮಾಡಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಯಾವ ಇಲಾಖೆಯಲ್ಲಿ ಯಾರು ಎಷ್ಟಿದ್ದಾರೆ, ಯಾಕೆ ಅಷ್ಟೇ ಇದ್ದಾರೆ, ಬದಲಾಗಲು ಏನು ಮಾಡಬೇಕು? ಇಂದಿನ ಸಲಹೆಗಾರರು ಯಾವುದೇ ಕಚೇರಿಗೆ ಹೋದ ಮೊದಲ ವಾರ ಕೇಳುವುದೂ ಈ ಮೂರನ್ನೇ. 1919ರಲ್ಲಿ ಬಂದ ವರದಿ, ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳದರ್ಜೆಯಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದಿತು. 1921ರಲ್ಲಿ ಸರ್ಕಾರಿ ಆದೇಶವಾಯಿತು. ಇದರಿಂದ ಆಡಳಿತದ ದಕ್ಷತೆ ಕುಂದುತ್ತದೆ ಎಂಬ ಆತಂಕ ದಿವಾನ ವಿಶ್ವೇಶ್ವರಯ್ಯನವರಿಗಿತ್ತು. ಆದೇಶಕ್ಕೂ ಮೊದಲೇ ಅವರು ಹುದ್ದೆ ಬಿಟ್ಟಿದ್ದರು. 'ಹಾಗಾದರೆ ಮೆರಿಟ್ ಗತಿಯೇನು' ಎಂಬ ಮಾತು ನೂರು ವರ್ಷದ ಮೇಲೂ ಎಲ್ಲ ತರಬೇತಿ ಕೊಠಡಿಗಳಲ್ಲಿ ಏಳುತ್ತದೆ.

ಇನ್ನೊಂದು ಬೇರು ಕಾರ್ಖಾನೆಗಳಲ್ಲಿದೆ. ಬಟವಾಡಿ ಎಂದಾಗ ಕಿವಿಗೆ ಬೀಳುವ 'ಬಟವಾಡೆ' ಎಂದರೆ ಕೂಲಿ ಹಂಚುವುದು. ಆ ಪದ ಕೇಳಿದಾಗಲೆಲ್ಲ ನನಗೆ ಫ್ಯಾಕ್ಟರಿ ಗೇಟು ನೆನಪಾಗುತ್ತದೆ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿದ್ದ ಕಡೆ ವೆಲ್‌ಫೇರ್ ಆಫೀಸರ್ ಇರಲೇಬೇಕೆಂದಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳನ್ನು ಬಿಡಲು ಕೋಣೆ ಬೇಕೆಂದಿತು. ಅದೇ ಕಾಯ್ದೆ ಹೆಂಗಸರಿಗೆ ರಾತ್ರಿ ಪಾಳಿಯನ್ನು ನಿಷೇಧಿಸಿತ್ತು. ಕರ್ನಾಟಕದಲ್ಲಿ ಷರತ್ತುಗಳೊಡನೆ ಅದಕ್ಕೆ ಅವಕಾಶ ಸಿಕ್ಕಿದ್ದು 2019ರಲ್ಲಿ. ಎಂಎಸ್‌ಡಬ್ಲ್ಯು ಓದಿ ವೆಲ್‌ಫೇರ್ ಆಫೀಸರ್ ಆದ ಆ ತಲೆಮಾರನ್ನು ಇಂದಿನ ಸಲಹೆಗಾರರ ಹಿರಿಯಕ್ಕಂದಿರು, ಹಿರಿಯಣ್ಣಂದಿರು ಎನ್ನಬಹುದು. ತುಮಕೂರಿನಲ್ಲಿ 1978ರಲ್ಲಿ ಶುರುವಾಗಿ 2016ರಲ್ಲಿ ಮುಚ್ಚಿದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಕಾಲದವರಿಗೆ ಆ ಹುದ್ದೆಯ ತೂಕ ಗೊತ್ತಿದೆ.

1974ರ ಒಂದು ಪೋಸ್ಟ್ ಕಾರ್ಡನ್ನೂ ಇಲ್ಲಿ ಸೇರಿಸಬೇಕು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೋ ಜಾಹೀರಾತನ್ನು ನೋಡಿ ನೇರ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಮುಂದೆ ಸುಧಾ ಮೂರ್ತಿ ಎಂದು ಹೆಸರಾದ ಅವರ ಈ ಕಥೆಯನ್ನು ನಾವೆಲ್ಲ ಧೈರ್ಯದ ಕಥೆಯಾಗಿ ಓದಿದ್ದೇವೆ. ಆ ಜಾಹೀರಾತನ್ನು ಅಚ್ಚಿಗೆ ಕಳಿಸುವ ಮುನ್ನ 'ಈ ಸಾಲು ಯಾಕೆ?' ಎಂದು ಕೇಳುವವರು ಕಂಪನಿಯೊಳಗೆ ಒಬ್ಬರೂ ಇರಲಿಲ್ಲ ಎಂಬುದು ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಹಾಗೆ ಕೇಳುವುದೇ ಮುಂದೆ ಒಂದು ಉದ್ಯೋಗವಾಯಿತು.

ಅಂಗವಿಕಲರ ವಿಷಯದಲ್ಲಿ ಆ ಕೆಲಸವನ್ನು ಮೊದಲು ಕೈಗೆತ್ತಿಕೊಂಡವರು ತಾವೇ ಆ ಕಷ್ಟ ಉಂಡವರು. ಸ್ವತಃ ಅಂಗವಿಕಲೆಯಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ ಇಂದು ಎಪಿಡಿ ಎಂದು ಹೆಸರಾಗಿದೆ. ಕೈಕಸುಬು ಕಲಿಸಿ ಕೆಲಸಕ್ಕೆ ಕಳಿಸುವುದು ಅದರ ದಾರಿ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ದಂಪತಿ ಎನೇಬಲ್ ಇಂಡಿಯಾ ಶುರುಮಾಡಿದರು. ಶಾಂತಿಯವರ ತಮ್ಮನಿಗೆ ಹರೆಯದಲ್ಲಿ ದೃಷ್ಟಿ ಹೋಗುತ್ತಾ ಬಂದಿತ್ತು. ಚೆನ್ನಾಗಿ ಓದಿ ಎಂಬಿಎ ಮುಗಿಸಿದರೂ ಕಂಪನಿಗಳು ಅವರನ್ನು ತಿರುಗಿ ಕಳಿಸುತ್ತಲೇ ಇದ್ದವು. ಕೊರತೆಯಿದ್ದದ್ದು ಹುಡುಗನಲ್ಲಲ್ಲ, ಕೆಲಸ ಕೊಡುವವರ ತಿಳಿವಳಿಕೆಯಲ್ಲಿ ಎಂಬುದು ಅಕ್ಕನಿಗೆ ಅಲ್ಲೇ ಖಚಿತವಾಯಿತು.

ಅಲ್ಲಿಂದ ಬೆಳೆದ ವಿಧಾನ ನೋಡಲು ಸರಳ. ಒಂದು ಹುದ್ದೆಯನ್ನು ಹಿಡಿದು ಅದರ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆಯುವುದು: ಫೋನ್ ಎತ್ತುವುದು, ತೆರೆಯ ಮೇಲೆ ಓದುವುದು, ಕಾಗದ ವಿಂಗಡಿಸುವುದು, ಮೇಲಿನ ಮಹಡಿಗೆ ಕೊಡುವುದು. ಇವುಗಳಲ್ಲಿ ಯಾವುದು ಕಣ್ಣಿಲ್ಲದೆ ಆಗುವುದಿಲ್ಲ? ತೆರೆ ಓದುವುದಕ್ಕೆ ಸ್ಕ್ರೀನ್ ರೀಡರ್ ತಂತ್ರಾಂಶವಿದೆ. ಎನ್‌ವಿಡಿಎ ಎಂಬುದಂತೂ ಪುಕ್ಕಟೆ ಸಿಗುತ್ತದೆ. ಹೀಗೆ ಒಂದೊಂದನ್ನೇ ಬಿಡಿಸುತ್ತಾ ಹೋದರೆ ಕೊನೆಗೆ 'ಆಗುವುದೇ ಇಲ್ಲ' ಎನ್ನುವುದು ಪಟ್ಟಿಯಲ್ಲಿ ಒಂದೋ ಎರಡೋ ಉಳಿಯುತ್ತದೆ. ಅದನ್ನು ಪಕ್ಕದ ಮೇಜಿನವರಿಗೆ ಕೊಟ್ಟು, ಅವರ ಒಂದು ಕೆಲಸವನ್ನು ಇತ್ತ ತೆಗೆದುಕೊಂಡರಾಯಿತು. ಪವಿತ್ರಾ ವೈ.ಎಸ್. ಮತ್ತು ಅಶೋಕ್ ಗಿರಿ 2006ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಂಧ್ಯಾ ಇ-ಇನ್ಫೊಮೀಡಿಯಾ, ಬಹುಪಾಲು ಅಂಗವಿಕಲರನ್ನೇ ಇಟ್ಟುಕೊಂಡು ಬಿಪಿಒ ನಡೆಸಬಹುದೆಂದು ತೋರಿಸಿತು.

ಹೊರಗಿನ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೆನಡಿಯವರ 1961ರ ಆದೇಶ, 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ದಾವೆಗೆ ಹೆದರಿ ಕಂಪನಿಗಳು ತರಬೇತಿ ಶುರುಮಾಡಿದವು. ವೈವಿಧ್ಯವನ್ನು ನಿಭಾಯಿಸುವುದು ಆಡಳಿತದ ಒಂದು ಕೌಶಲ ಎಂದು 1990ರಲ್ಲಿ ವಾದಿಸಿದ ರೂಸ್‌ವೆಲ್ಟ್ ಥಾಮಸ್ ಅದಕ್ಕೊಂದು ಶಾಸ್ತ್ರ ಕೊಟ್ಟರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಬೇಡಿಕೆ ಏರಿತು. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಇಂಥ ಕಾರ್ಯಕ್ರಮಗಳನ್ನು ಮುಚ್ಚಲು ಹೊರಟಿತು. ಹಲವು ದೊಡ್ಡ ಕಂಪನಿಗಳು ಹೆಸರು ಬದಲಿಸಿದವು, ಕೆಲವು ಕೈಬಿಟ್ಟವು. ಬೆಂಗಳೂರಿನ ಕ್ಯಾಂಪಸ್‌ಗಳಿಗೆ ಇದರ ಗಾಳಿ ತಗುಲದೆ ಇರುವುದಿಲ್ಲ, ಯಜಮಾನರು ಅಲ್ಲಿದ್ದಾರಲ್ಲ. ಆದರೆ ಇಲ್ಲಿ ಈ ಕಸುಬನ್ನು ಎತ್ತಿ ಹಿಡಿದಿರುವುದು ನಮ್ಮದೇ ಕಾನೂನು.

ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಮೊದಲು ಬಂದದ್ದು 1997ರ ವಿಶಾಖಾ ತೀರ್ಪು, ಹದಿನಾರು ವರ್ಷದ ಮೇಲೆ 2013ರ ಕಾಯ್ದೆ. ಹತ್ತು ಜನ ಕೆಲಸಗಾರರಿದ್ದರೆ ಆಂತರಿಕ ಸಮಿತಿ ಬೇಕು, ಅಧ್ಯಕ್ಷತೆ ಹಿರಿಯ ಹೆಣ್ಣುಮಗಳದ್ದಾಗಬೇಕು, ಅದರಲ್ಲಿ ಒಬ್ಬರು ಸಂಸ್ಥೆಗೆ ಸಂಬಂಧಪಡದ ಹೊರಗಿನವರಾಗಿರಬೇಕು. ಈ ಕೊನೆಯ ಮಾತು ಒಂದು ಇಡೀ ಉದ್ಯೋಗವನ್ನೇ ಹುಟ್ಟಿಸಿತು. ಹಿಂದೆ ಮಹಿಳಾ ಸಂಘಟನೆಗಳಲ್ಲಿ ದುಡಿದವರು, ಕುಟುಂಬ ನ್ಯಾಯಾಲಯದ ವಕೀಲರು, ಸಮಾಜಕಾರ್ಯ ಓದಿದವರು ಫ್ಯಾಕ್ಟರಿ ಗೇಟಿನೊಳಗೆ ಕಾನೂನಿನ ಬಲದಿಂದಲೇ ಕಾಲಿಟ್ಟರು. ಹೊರಗಿನ ಸದಸ್ಯೆಗೆ ದಿನಕ್ಕೆ 200 ರೂಪಾಯಿ ಭತ್ಯೆ ಮತ್ತು ಪ್ರಯಾಣದ ಖರ್ಚು ಎಂದು ನಿಯಮದಲ್ಲಿ ಬರೆದಿದೆ. ದೊಡ್ಡ ಕಂಪನಿಗಳು ಅದಕ್ಕಿಂತ ಬಹಳ ಹೆಚ್ಚೇ ಕೊಡುತ್ತವೆ. ಆದರೆ ನಮ್ಮ ವಕೀಲಕ್ಕನನ್ನು ಒಂದು ಸಣ್ಣ ಘಟಕ ಆ 200ರ ಲೆಕ್ಕದಲ್ಲೇ ಕರೆಯುತ್ತದೆ. 90 ದಿನದೊಳಗೆ ಮುಗಿಸಬೇಕಾದ ವಿಚಾರಣೆಗೆ ಅವರು ಅದೇ ಲೆಕ್ಕದಲ್ಲಿ ಹೋಗಿ ಕೂರುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಸಮಾನ ಅವಕಾಶದ ನೀತಿಯನ್ನು ಖಾಸಗಿಯವರೂ ಪ್ರಕಟಿಸಬೇಕೆಂದಿತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿ, 50 ಜನರಿದ್ದ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಿತು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಕೊಂಡಿ ಕಳಚಿತು. ಮರುವರ್ಷವೇ ಬೆಂಗಳೂರಿನ ಪ್ರೈಡ್ ಸರ್ಕಲ್ ಲೈಂಗಿಕ ಅಲ್ಪಸಂಖ್ಯಾತರಿಗೆಂದೇ ಉದ್ಯೋಗ ಮೇಳ ನಡೆಸಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲಿಗೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಎಷ್ಟು ಹೆಂಗಸರು, ಎಷ್ಟು ಅಂಗವಿಕಲರು ಕೆಲಸದಲ್ಲಿದ್ದಾರೆಂದು ವರ್ಷವರ್ಷ ಹೇಳಲೇಬೇಕು ಎಂಬ ಸೆಬಿ ನಿಯಮ 2022-23ರಿಂದ ಕಡ್ಡಾಯವಾಯಿತು. ಲೆಕ್ಕ ಕೊಡಬೇಕಾದಾಗ ಲೆಕ್ಕ ಸರಿಪಡಿಸಲು ಗೊತ್ತಿರುವವರನ್ನು ಹುಡುಕುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ನಿಜಕ್ಕೂ ಕಾಡುವ ವಿಷಯಕ್ಕೆ ಬರುತ್ತೇನೆ. ವಕೀಲಕ್ಕ ತಮಗೆ ಬೆಂಗಳೂರಿನಿಂದ ಬಂದ ಒಂದು ತರಬೇತಿಯ ಸ್ಲೈಡುಗಳನ್ನು ತೋರಿಸಿದರು. ಅದರಲ್ಲಿ ಲಿಂಗವಿತ್ತು, ವಯಸ್ಸಿತ್ತು, ಅಂಗವೈಕಲ್ಯವಿತ್ತು, ಎಡಗೈಯಲ್ಲಿ ಬರೆಯುವವರ ಬಗ್ಗೆಯೂ ಎರಡು ಸಾಲಿತ್ತು. ಜಾತಿ ಇರಲಿಲ್ಲ. ನೂರು ವರ್ಷದ ಹಿಂದೆ ಮೈಸೂರಿನಲ್ಲಿ ಈ ಲೆಕ್ಕ ಶುರುವಾದದ್ದೇ ಜಾತಿಯಿಂದ. ಮಿಲ್ಲರ್ ಆದ ಮೇಲೆ ಹಿಂದುಳಿದ ವರ್ಗಗಳಿಗಾಗಿ ಬಂದ ನಾಗನಗೌಡ ಸಮಿತಿ, 1972ರಲ್ಲಿ ದೇವರಾಜ ಅರಸರು ನೇಮಿಸಿದ ಹಾವನೂರು ಆಯೋಗ, ಎಲ್ಲವೂ ಸರ್ಕಾರಿ ಕಚೇರಿಯ ಬಾಗಿಲನ್ನು ಅಗಲ ಮಾಡಿದವು. ಖಾಸಗಿ ಕಚೇರಿಯ ಬಾಗಿಲ ಬಳಿ ಮಾತ್ರ ಆ ಮಾತು ನಿಂತುಬಿಟ್ಟಿದೆ.

ಆಧಾರವಿಲ್ಲದೆ ಹೇಳುತ್ತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆಬೇರೆ ಅಡ್ಡಹೆಸರು ಹಾಕಿ ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ದಲಿತ ಹೆಸರಿಗೆ ಮರುಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿಗಿದ್ದುದರ ಮೂರನೇ ಎರಡರಷ್ಟಿತ್ತು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅದೇ ವೇಳೆಗೆ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಚ್‌ಆರ್ ಮ್ಯಾನೇಜರುಗಳನ್ನು ಮಾತಾಡಿಸಿದಾಗ, ಮೆರಿಟ್ ಒಂದೇ ಮುಖ್ಯ ಎನ್ನುವವರೇ ಸಂದರ್ಶನದಲ್ಲಿ ಮನೆತನದ ಹಿನ್ನೆಲೆ ಕೇಳುತ್ತಾರೆಂಬುದು ಹೊರಬಿತ್ತು. ನಮ್ಮ ಕಡೆ ಅದನ್ನು ಕೇಳುವ ರೀತಿ ಎಲ್ಲರಿಗೂ ಗೊತ್ತು: "ಯಾವ ಊರಪ್ಪ? ಊರಲ್ಲಿ ಎಲ್ಲಿ? ಮನೆದೇವರು ಯಾವುದು?" ಕುಣಿಗಲ್ ಕಡೆಯ ಹುಡುಗನೊಬ್ಬ ಬೆಂಗಳೂರಿನ ಕಚೇರಿಯೊಂದರಲ್ಲಿ ಮಧ್ಯಾಹ್ನ ಒಬ್ಬನೇ ಉಣ್ಣುತ್ತಿದ್ದುದನ್ನು ನನಗೆ ಹೇಳಿಕೊಂಡಿದ್ದ. ಡಬ್ಬಿ ತೆರೆಯುವ ಮುಂಚೆ "ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳುತ್ತಿದ್ದರಂತೆ, ದಿನಾ, ನಗುನಗುತ್ತಲೇ. ಬಟವಾಡಿಯಿಂದ ಸ್ವಲ್ಪವೇ ದೂರದ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ನೋಡುತ್ತಾ ಬೆಳೆದವನು ನಾನು. ಆ ಪಂಕ್ತಿಯಲ್ಲಿ ಉಂಡು ಬೆಳೆದ ಹುಡುಗನಿಗೆ ಆಫೀಸಿನ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಎದುರಾದರೆ, ಅದನ್ನು ಹೇಳಿಕೊಳ್ಳಲು ಯಾವ ಸಮಿತಿಯಿದೆ? 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಅಷ್ಟು ದೂರ ಹೋದ ಮಾತು ಇಲ್ಲಿನ ಸ್ಲೈಡಿಗೆ ಬರಲಿಲ್ಲ ಎಂಬುದು ನನಗೆ ನೋವಿನ ವಿಷಯ.

ವಕೀಲಕ್ಕ ಆ ಸ್ಲೈಡುಗಳನ್ನು ಹಾಗೆಯೇ ತೋರಿಸುವುದಿಲ್ಲ. ಇಂಗ್ಲಿಷಿನಲ್ಲಿದ್ದುದನ್ನು ಮನೆಯಲ್ಲಿ ಕೂತು ಕನ್ನಡಕ್ಕೆ ಬರೆದುಕೊಳ್ಳುತ್ತಾರೆ. 'ಒಳಗೊಳ್ಳುವಿಕೆ' ಎಂಬ ಪದ ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ಏನೂ ಹೇಳಲಿಲ್ಲವಂತೆ. "ಯಾರನ್ನೂ ಹೊರಗಿಡದೆ ಇರೋದು" ಎಂದಾಗ ಹಿಂದಿನ ಸಾಲಿನಿಂದ ಒಬ್ಬಾಕೆ, "ಅಕ್ಕಾ, ಇದ್ರಲ್ಲಿ ಟಾಯ್ಲೆಟ್‌ಗೆ ಟೋಕನ್ ಇಸ್ಕೊಂಡು ಹೋಗೋದೂ ಬರುತ್ತಾ?" ಎಂದಳಂತೆ. ಅಂದು ಉಳಿದ ಸ್ಲೈಡು ಪಕ್ಕಕ್ಕಿಟ್ಟು ಒಂದು ಗಂಟೆ ಟೋಕನ್ ವಿಷಯವನ್ನೇ ಮಾತಾಡಿದರು. ಜಾತಿಯ ಬಗ್ಗೆ ಒಂದು ಪುಟವನ್ನು ತಾವೇ ಸೇರಿಸಿದ್ದಾರೆ. ಎರಡು ಕಡೆ ಅದನ್ನು ಬಿಡಿ ಎಂದರು, ಎರಡು ಕಡೆ ಸುಮ್ಮನೆ ಕೇಳಿಸಿಕೊಂಡರು.

ಅವರ ಚೀಲದಲ್ಲಿ ಒಂದು ಅಳತೆ ಟೇಪು ಇರುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಗಾಲಿಕುರ್ಚಿ ನುಗ್ಗುವಷ್ಟು ಬಾಗಿಲು, ಕೂತೇ ಎಟುಕುವ ಚಿಲಕ. ಮಳೆಗಾಲದ ಆ ಬೆಳಿಗ್ಗೆ ಬಸ್ಸು ಹೊರಟ ಮೇಲೆ ಅದೇ ಕಂಪನಿಯ ಇನ್ನೊಂದು ಬಸ್ಸು ಬಂದಾಗ, ಡ್ರೈವರನ್ನು ಕೇಳಿ ಮೆಟ್ಟಿಲಿಗೆ ಟೇಪು ಹಿಡಿದರು. ಹತ್ತೊಂಬತ್ತು ಇಂಚು. ಕೈಯಲ್ಲಿದ್ದ ಫೈಲಿನ ಹಿಂದೆ ಬರೆದುಕೊಂಡರು.

ಬಸ್ಸು ಕಂಟ್ರಾಕ್ಟರದು, ನಮ್ಮದಲ್ಲ ಎಂದು ಕಂಪನಿ ಮೊದಲು ಉತ್ತರ ಕೊಟ್ಟಿತು. ಎರಡು ಪತ್ರ, ಒಂದು ಭೇಟಿ ಆದ ಮೇಲೆ ಮಡಚುವ ಕಬ್ಬಿಣದ ಮೆಟ್ಟಿಲು ಮಾಡಿಸಲು ಒಪ್ಪಿದರು. ಮೂರು ಬಸ್ಸುಗಳ ಪೈಕಿ ಒಂದಕ್ಕೆ ಬಂದಿದೆ. ಆ ಹುಡುಗಿ ಹತ್ತುವ ಬಸ್ಸಿಗೆ ಇನ್ನೂ ಬಂದಿಲ್ಲ. ಈ ಸೋಮವಾರ ಮತ್ತೆ ಹೋಗುತ್ತಾರಂತೆ.