ಬೀಸುಬಲೆಗೆ ಸೀಸದ ಗುಂಡು: ಎರಕದ ದೋಷಗಳು ಮತ್ತು ಪರಿಹಾರ

ಕಲಬುರಗಿ ಜಿಲ್ಲೆಯ ಒಣಬೇಸಾಯದ ರೈತರಲ್ಲಿ ಕೆಲವರು ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನುಗಳನ್ನು ಸಾಕುತ್ತಾರೆ. ಭೀಮಾ ನದಿಯಲ್ಲಿ, ಬೆಣ್ಣೆತೊರಾ ಜಲಾಶಯದಲ್ಲಿ ಬಲೆ ಬೀಸಿ ಬದುಕುವವರೂ ಇದ್ದಾರೆ. ಮೀನಿನ ಬೆಳವಣಿಗೆಯನ್ನು ತಿಳಿಯಲು ತಿಂಗಳಿಗೊಮ್ಮೆಯಾದರೂ ಬೀಸುಬಲೆ ಹಾಕಿ ನೋಡುವುದು ಅವಶ್ಯ. ಬಲೆಯ ಅಂಚಿಗೆ ಕಟ್ಟಿದ ಸೀಸದ ಗುಂಡುಗಳು ಒಂದೇ ತೂಕದವಾಗಿರದಿದ್ದರೆ ಬಲೆ ಓರೆಯಾಗಿ ಇಳಿಯುತ್ತದೆ. ಅಂಚು ತಳ ಮುಟ್ಟುವುದರೊಳಗೆ ಮೀನು ಅಡಿಯಿಂದ ನುಸುಳಿರುತ್ತದೆ. ಗುಂಡಿನ ಮೈಮೇಲೆ ಚೂಪಾದ ಅಂಚು ಉಳಿದರೆ ನೈಲಾನ್ ದಾರ ಸವೆದು ಕಡಿಯುತ್ತದೆ, ಹೊಂಡದ ಪ್ಲಾಸ್ಟಿಕ್ ಹಾಳೆಗೂ ಗೀರು ಬೀಳುತ್ತದೆ.

ಕಲಬುರಗಿಯ ಗುಜರಿ ಅಂಗಡಿಯಿಂದ ಸೀಸ ತಂದು ಮನೆಯಲ್ಲೇ ಎರಕ ಹೊಯ್ಯುವವರು ಮೊದಲು ನೋಡಬೇಕಾದದ್ದು ಸೀಸದ ಮೂಲವನ್ನು. ಹಳೆಯ ಕೇಬಲ್ಲಿನ ಹೊದಿಕೆ, ಹಳೆಯ ಕೊಳವೆ ಇವುಗಳ ಸೀಸ ಮೃದುವಾಗಿದ್ದು ಎರಕಕ್ಕೆ ಒಳ್ಳೆಯದು. ಹಳೆಯ ಬ್ಯಾಟರಿಯ ತಗಡುಗಳನ್ನು ಮಾತ್ರ ಎಂದಿಗೂ ಕರಗಿಸಕೂಡದು. ಅವುಗಳಲ್ಲಿ ಗಂಧಕಾಮ್ಲವೂ ಸೀಸದ ವಿಷಪುಡಿಯೂ ಇರುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವು ಅಧಿಕೃತ ಸಂಗ್ರಹಕಾರರ ಮೂಲಕವೇ ಹೋಗಬೇಕು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಕೊಟ್ಟುಬಿಡುವುದೇ ಸರಿ. ಇನ್ನೊಂದು ಮಾತು: ಇಲ್ಲಿ ಹೇಳುತ್ತಿರುವುದು ಬಲೆಯ ಗುಂಡಿನ ವಿಷಯ. ಕೋವಿಯ ಮದ್ದುಗುಂಡನ್ನು ಪರವಾನಗಿ ಇಲ್ಲದೆ ತಯಾರಿಸುವುದು 1959ರ ಆಯುಧ ಕಾಯಿದೆಯಂತೆ ಅಪರಾಧ.

ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 350ರಿಂದ 400 ಡಿಗ್ರಿ ಶಾಖವಿದ್ದರೆ ಎರಕಕ್ಕೆ ಸಾಕು.

ಗುಂಡಿನ ಮೈ ನೆರಿಗೆಗಟ್ಟಿದ್ದರೆ ಅಥವಾ ಅರ್ಧಕ್ಕೇ ನಿಂತಿದ್ದರೆ ಅಚ್ಚು ತಣ್ಣಗಿದೆ ಎಂದು ತಿಳಿಯಬೇಕು. ಮೊದಲ ಐದಾರು ಗುಂಡುಗಳು ಹೀಗೇ ಬರುವುದು ಸಹಜ. ಅವನ್ನು ಪುನಃ ಮೂಸೆಗೆ ಹಾಕಬಹುದು. ಅಚ್ಚು ಬಿಸಿಯಾದ ಮೇಲೂ ನೆರಿಗೆ ಹೋಗದಿದ್ದರೆ ಒಳಗೆ ಎಣ್ಣೆಯ ಪಸೆ ಉಳಿದಿರುತ್ತದೆ. ಅದನ್ನು ಒರೆಸಿ, ದೀಪದ ಮಸಿಯನ್ನು ತೆಳುವಾಗಿ ಹಿಡಿಸಿದರೆ ಗುಂಡು ಸಲೀಸಾಗಿ ಬಿಡುತ್ತದೆ. ಇದಕ್ಕೆ ವಿರುದ್ಧವಾಗಿ ಮೈ ಬೆಳ್ಳಗೆ ಮಂಜು ಕವಿದಂತಾದರೆ ಶಾಖ ಹೆಚ್ಚಾಗಿದೆ. ಬಲೆಯ ಗುಂಡಿಗೆ ಅದರಿಂದ ಕೆಡುಕಿಲ್ಲ, ಆದರೆ ಶಾಖ ಏರಿದಷ್ಟೂ ವಿಷದ ಹೊಗೆ ಹೆಚ್ಚುತ್ತದೆ. ಬೆಂಕಿ ತಗ್ಗಿಸಬೇಕು.

ಗುಂಡಿನೊಳಗೆ ಟೊಳ್ಳಾಗುವುದು ಹೊರಗೆ ಕಾಣದ ದೋಷ. ಸೀಸ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ 3ರಿಂದ 4ರಷ್ಟು ಕುಗ್ಗುತ್ತದೆ. ಆದ್ದರಿಂದ ಅಚ್ಚು ತುಂಬಿದೊಡನೆ ನಿಲ್ಲಿಸದೆ, ಬಾಯಿಯ ಮೇಲೆ ಸ್ವಲ್ಪ ಸೀಸ ನಿಲ್ಲುವಂತೆ ಹೊಯ್ಯಬೇಕು. ಕುಗ್ಗಿದಷ್ಟನ್ನು ಅದು ತುಂಬಿಕೊಡುತ್ತದೆ. ಹತ್ತು ಗುಂಡುಗಳನ್ನು ಬಿಡಿಬಿಡಿಯಾಗಿ ತೂಗಿ ನೋಡಿದರೆ ಟೊಳ್ಳಾದದ್ದು ತಕ್ಕಡಿಯಲ್ಲೇ ಸಿಕ್ಕಿಬೀಳುತ್ತದೆ. ಅಚ್ಚಿನ ಎರಡು ಹೋಳುಗಳು ಸರಿಯಾಗಿ ಕೂಡದಿದ್ದರೆ ಗುಂಡಿನ ಸುತ್ತ ತೆಳ್ಳನೆಯ ರೆಕ್ಕೆ ಏಳುತ್ತದೆ. ಹೋಳುಗಳ ನಡುವೆ ಸಿಕ್ಕ ಸೀಸದ ಚೂರನ್ನು ತೆಗೆದು, ಬಿಗಿಯಾಗಿ ಹಿಡಿಯಬೇಕು.

ಕರಗಿದ ಸೀಸ ಜೋಳದ ಅಂಬಲಿಯಂತೆ ಮಂದವಾಗಿ, ಅಚ್ಚಿನೊಳಗೆ ಹರಿಯದಿದ್ದರೆ ಸತು ಬೆರೆತಿದೆ ಎಂದರ್ಥ. ವಾಹನದ ಚಕ್ರಗಳಿಗೆ ಹಾಕುವ ತೂಕದ ತುಂಡುಗಳಲ್ಲಿ ಈಚೆಗೆ ಸತುವಿನವೂ ಇರುತ್ತವೆ. ಸತು ಕರಗುವುದು ಸುಮಾರು 420 ಡಿಗ್ರಿಯಲ್ಲಿ. ಬೆಂಕಿ ಹದವಾಗಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ. ಕಬ್ಬಿಣದ ಜಾಲರಿ ಸೌಟಿನಿಂದ ಅದನ್ನು ಎತ್ತಿ ಹಾಕಬಹುದು. ಒಮ್ಮೆ ಬೆರೆತರೆ ಮನೆಯಲ್ಲಿ ಬೇರ್ಪಡಿಸುವ ಸುಲಭ ಮಾರ್ಗವಿಲ್ಲ.

ಎಲ್ಲಕ್ಕಿಂತ ಅಪಾಯಕರವಾದದ್ದು ತೇವ. ಕರಗಿದ ಸೀಸದ ಅಡಿಗೆ ಒಂದು ಹನಿ ನೀರು ಸಿಕ್ಕರೂ ಅದು ಕ್ಷಣದಲ್ಲಿ ಸುಮಾರು 1,600 ಪಟ್ಟು ಹಿಗ್ಗಿ ಆವಿಯಾಗುತ್ತದೆ, ಸೀಸ ಸಿಡಿದು ಮುಖಕ್ಕೆ ಹಾರುತ್ತದೆ. ನಮ್ಮ ಎರೆಮಣ್ಣಿನ ಅಚ್ಚು ಈ ಕಾರಣಕ್ಕೇ ಒಳ್ಳೆಯದಲ್ಲ: ಅದು ತೇವ ಹಿಡಿದಿಡುತ್ತದೆ, ಒಣಗಿದರೆ ಬಿರಿಯುತ್ತದೆ. ಶಹಾಬಾದ್ ಹಾಸುಗಲ್ಲಿನ ಮೇಲೆ ಬಿಸಿ ಸೀಸ ಸುರಿಯುವುದೂ ಬೇಡ, ಕಲ್ಲು ಚಕ್ಕೆಯೆದ್ದು ಸಿಡಿದೀತು. ಕಬ್ಬಿಣದ ಅಚ್ಚೇ ಉತ್ತಮ. ಮೂಸೆಗೆ ಹೊಸ ತುಂಡು ಸೇರಿಸುವ ಮೊದಲು ಅದನ್ನು ಒಲೆಯ ಪಕ್ಕದಲ್ಲಿಟ್ಟು ಬಿಸಿ ಮಾಡಬೇಕು. ಕಣ್ಣಿಗೆ ಕನ್ನಡಕ, ಮೈಗೆ ತುಂಬುತೋಳಿನ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಬೂಟು ಇರಲಿ. ಮಳೆಗಾಲದಲ್ಲಿ ಬಯಲಿನಲ್ಲಿ ಈ ಕೆಲಸ ಹಿಡಿಯಬಾರದು, ಅಡುಗೆಮನೆಯಲ್ಲಂತೂ ಯಾವ ಕಾಲದಲ್ಲೂ ಕೂಡದು.

ಒಂದೇ ಬಲೆಗೆ ಗುಂಡು ಬೇಕಾದವರು ಎರಕದ ಗೊಡವೆಗೇ ಹೋಗದಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಸೀಸದ ತಗಡನ್ನು ಸಮನಾದ ಪಟ್ಟಿಗಳಾಗಿ ಕತ್ತರಿಸಿ, ಅಂಚಿನ ಹಗ್ಗಕ್ಕೆ ಸುತ್ತಿ ಇಕ್ಕಳದಿಂದ ಒತ್ತಿದರೆ ಕೆಲಸ ಮುಗಿಯಿತು. ಹೊಗೆಯೂ ಇಲ್ಲ, ಸಿಡಿಯುವುದೂ ಇಲ್ಲ.

ಮೂಸೆಯ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವನ್ನು ತಿಪ್ಪೆಗೆ ಎಸೆಯುವ ರೂಢಿಯುಂಟು. ಇದು ಬಹಳ ಕೆಟ್ಟದ್ದು. ದನಗಳು ಅದನ್ನು ನೆಕ್ಕುತ್ತವೆ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಸೀಸದ ವಿಷದ ಲಕ್ಷಣಗಳು. ಇಂಥ ದನವನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮಕ್ಕಳಲ್ಲಿ ಸೀಸವು ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ, ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎನ್ನುವ ಮಿತಿ ಇಲ್ಲ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದು, ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಕರಗಿಸಿದ ಪಾತ್ರೆ ಮತ್ತೆ ಅಡುಗೆಗೆ ಬರಕೂಡದು. ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇಟ್ಟು, ಹಳೆಯ ಸೀಸ ಕೊಳ್ಳುವ ಅಧಿಕೃತ ವ್ಯಾಪಾರಿಗೆ ಕೊಡಬೇಕು.