ಪೆರಿಯಾರ್ ತಳದ ಕೆಸರು

2024ರ ಮೇ 20ರ ರಾತ್ರಿ ಕೊಚ್ಚಿ ಹತ್ತಿರ ಪೆರಿಯಾರ್ ನದಿಯ ಮೀನುಗಳು ಉಸಿರಿಗೆ ಬಾಯಿ ತೆರೆಯುತ್ತ ನೀರಿನ ಮೇಲಕ್ಕೆ ಬಂದವು. ಬೆಳಗಾಗುವಷ್ಟರಲ್ಲಿ ಪಂಜರಗಳಲ್ಲಿ ಸಾಕಿದ್ದ ಕರಿಮೀನು, ಕಾಳಾಂಜಿ ರಾಶಿರಾಶಿಯಾಗಿ ಸತ್ತು ತೇಲುತ್ತಿದ್ದವು. ಪಾತಾಳಂ ಒಡ್ಡಿನ ಬಾಗಿಲು ತೆರೆದಾಗ ಆಮ್ಲಜನಕವಿಲ್ಲದ ನೀರು ನುಗ್ಗಿದ್ದೇ ಕಾರಣ ಎಂದಿತು ಕೇರಳದ ಮಾಲಿನ್ಯ ನಿಯಂತ್ರಣ ಮಂಡಳಿ. ಕೊಚ್ಚಿಯ ಮೀನುಗಾರಿಕೆ ವಿಶ್ವವಿದ್ಯಾಲಯದವರಿಗೆ ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ಅಪಾಯದ ಮಟ್ಟದಲ್ಲಿ ಸಿಕ್ಕವು. ಹಾಗೆ ನೋಡಿದರೆ ಈ ಎರಡು ಮಾತೂ ದೂರದವಲ್ಲ. ಆಮ್ಲಜನಕ ತೀರಿದ ಕೆಸರಿನಲ್ಲೇ ಕೊಳೆತ ಮೊಟ್ಟೆ ವಾಸನೆಯ ಆ ಸಲ್ಫೈಡ್ ಹುಟ್ಟುವುದು.

ನೀರಿನ ಪರೀಕ್ಷೆ ಹೇಳುವುದು ಆ ಹೊತ್ತಿನ ಕತೆಯನ್ನು ಮಾತ್ರ. ಎರಡು ಸಲ ಉಬ್ಬರವಿಳಿತ ಬಂದರೆ ಸಾಕ್ಷಿ ವೆಂಬನಾಡು ಸರೋವರ ದಾಟಿ ಸಮುದ್ರ ಸೇರಿರುತ್ತದೆ. ಪಾದರಸ, ಕ್ಯಾಡ್ಮಿಯಂ, ಡಿಡಿಟಿ ಹಾಗಲ್ಲ. ನುಣುಪು ಜೇಡಿಯ ಕಣಕ್ಕೆ ಅಂಟಿ ತಳದಲ್ಲಿ ಕೂತುಬಿಡುತ್ತವೆ. ನದಿದಂಡೆಯ ಏಲೂರಿನಲ್ಲಿ 1940ರ ದಶಕದಿಂದ ಗೊಬ್ಬರ, ಆಮೇಲೆ ಡಿಡಿಟಿ ಕಾರ್ಖಾನೆಗಳು ಬಂದವು. ಅಲ್ಲಿನ ಕುಳಿಕಂಡಂ ತೋಡಿನ ಕೆಸರನ್ನು 1999ರಲ್ಲಿ ಗ್ರೀನ್‌ಪೀಸ್ ಪರೀಕ್ಷಿಸಿದಾಗ ನೂರಕ್ಕೂ ಹೆಚ್ಚು ಸಾವಯವ ರಾಸಾಯನಿಕಗಳು ಕಂಡವು.

ಕೆಸರೆತ್ತುವುದಕ್ಕೆ ಕಬ್ಬಿಣದ ಎರಡು ಬೊಗಸೆಗಳಂಥ ಸಾಧನವಿದೆ. ದೋಣಿಯಿಂದ ಹಗ್ಗ ಬಿಟ್ಟರೆ ಬಾಯಿ ತೆರೆದುಕೊಂಡೇ ಇಳಿದು, ತಳ ಮುಟ್ಟಿ ಹಗ್ಗ ಎಳೆದೊಡನೆ ಕಚ್ಚಿಕೊಳ್ಳುತ್ತದೆ. ಮೇಲೆ ಬಂದದ್ದು ಕಪ್ಪು, ಬೆಣ್ಣೆಯಂಥ ಕೆಸರು. ಅದನ್ನು ಒಣಗಿಸಿ ಜರಡಿ ಹಿಡಿದು 63 ಮೈಕ್ರಾನ್‌ಗಿಂತ ನುಣುಪಾದುದನ್ನು ಆರಿಸುತ್ತಾರೆ. ವಿಷ ಹೆಚ್ಚಾಗಿ ಇರುವುದು ಅದರಲ್ಲೇ. ನನಗೆ ಬಹಳ ಹಿಡಿಸಿದ್ದು ಡಿಡಿಟಿಯ ಲೆಕ್ಕ. ಅದು ವರ್ಷಗಳಲ್ಲಿ ಒಡೆದು ಡಿಡಿಇ ಆಗುತ್ತದೆ. ಡಿಡಿಇ ಹೆಚ್ಚಿದ್ದರೆ ಹಳೆಯ ಪಾಪ, ಡಿಡಿಟಿಯೇ ಹೆಚ್ಚಿದ್ದರೆ ಇತ್ತೀಚೆಗೆ ಬಂದು ಬಿದ್ದದ್ದು ಎಂದು ಊಹಿಸಬಹುದು.

ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿಸುತ್ತವೆ. ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತ ಅದು ಸಾಂದ್ರವಾಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಗುರುತಿಸಿದ ನರರೋಗಕ್ಕೆ ಮೀಥೈಲ್ ಪಾದರಸವೇ ಮೂಲ. ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ಎಷ್ಟು ತೊಳೆದರೂ, ಬೇಯಿಸಿದರೂ ಹೋಗದು.

ಡಿಡಿಟಿ ಮಾತ್ರ ಕೊಬ್ಬಿನಲ್ಲಿ, ಪಿತ್ತಜನಕಾಂಗದಲ್ಲಿ ಅಡಗುತ್ತದೆ. ಆದ್ದರಿಂದ ಬೆನ್ನಿನ ಮಾಂಸದ ಒಂದು ತುಂಡನ್ನಷ್ಟೇ ಅರೆದು ನೋಡಿ ವರದಿ ಬರೆದರೆ ಸಾಲದು. ಕೇರಳದ ಮನೆಗಳಲ್ಲಿ ದೊಡ್ಡ ಮೀನಿನ ತಲೆಗೇ ಬೇಡಿಕೆ. ಅದರ ಕೊಬ್ಬಿನ ರುಚಿಗಾಗಿಯೇ ಸಾರು ಮಾಡುತ್ತಾರೆ. ಮೀನು ಸತ್ತು ತೇಲಿದ ವಾರದಲ್ಲಿ ಮಾತ್ರವಲ್ಲ, ಪ್ರತಿ ಮಳೆಗಾಲದ ಮುಂಚೆ ಮತ್ತು ಆಮೇಲೆ ಕೆಸರಿನ ಜೊತೆ ಆ ತಲೆಯೂ ಪ್ರಯೋಗಾಲಯಕ್ಕೆ ಹೋಗಬೇಕು.