ಕಟಕಟೆಯಲ್ಲಿ ನಿಂತ ಮೌನ

ಉಪವಾಸವೆಂದೊಡನೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಆಹಾರದ ಮಾತು. ಏನನ್ನು ತಿನ್ನಬಹುದು, ಏನನ್ನು ತಿನ್ನಬಾರದು, ಎಷ್ಟು ಹೊತ್ತಿಗೆ ಪಾರಣೆ—ಇಷ್ಟು ತಿಳಿದರೆ ವ್ರತದ ಅರ್ಥವೆಲ್ಲ ತಿಳಿಯಿತೆಂದು ಭಾವಿಸುವವರೇ ಹೆಚ್ಚು. ಈಸ್ಟರ್ ಹಬ್ಬಕ್ಕೆ ಮುನ್ನ ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ವ್ರತವನ್ನೂ ಹೊರಗಿನವರು ಸಾಮಾನ್ಯವಾಗಿ ಮಾಂಸ ಬಿಡುವ ಕಾಲವೆಂದೇ ಬಲ್ಲರು. ಇಂಗ್ಲಿಷಿನಲ್ಲಿ ಇದರ ಹೆಸರು ಲೆಂಟ್. ಹಗಲು ದೀರ್ಘವಾಗುವ ವಸಂತ ಋತುವನ್ನು ಸೂಚಿಸುವ ಹಳೆಯ ಮಾತೊಂದರಿಂದ ಅದು ಹುಟ್ಟಿದೆ; ವ್ರತದ ಸುಳಿವು ಅದರಲ್ಲಿಲ್ಲ. ಕನ್ನಡ ಕಥೋಲಿಕರು ಇಟ್ಟುಕೊಂಡಿರುವ ಹೆಸರಾದರೋ ‘ತಪಸ್ಸುಕಾಲ’. ಈ ಹೆಸರು ವಿಷಯದ ತಿರುಳನ್ನೇ ಮುಟ್ಟುತ್ತದೆ. ತಪಸ್ಸೆಂದರೆ ಹಸಿದಿರುವುದಷ್ಟೇ ಅಲ್ಲ. ಓಡಾಟವನ್ನು ನಿಲ್ಲಿಸಿ, ಮಾತನ್ನು ಅಡಗಿಸಿ, ಒಂದೆಡೆ ನೆಲೆಯಾಗಿ ಕುಳಿತಿರುವುದೂ ಹೌದು.

ಆದರೆ ಸುಮ್ಮನೆ ಕುಳಿತಿರುವುದೂ ಒಂದು ಸಾಧನೆಯೆ? ಅದು ಸೋಮಾರಿತನಕ್ಕೆ ಹೊದಿಸಿದ ಕಾವಿಯಲ್ಲವೆ? ಮನೆಮನೆಯಲ್ಲಿಯೂ ಏಳಬಹುದಾದ ಈ ಪ್ರಶ್ನೆ ಹದಿನಾಲ್ಕನೆಯ ಶತಮಾನದಲ್ಲಿ ಒಂದು ಸಾಮ್ರಾಜ್ಯದ ರಾಜಧಾನಿಯಲ್ಲಿ ವಿಚಾರಣೆಗೆ ಬಂದಿತು.

ಮರಳುಗಾಡಿನ ಬೇರು

ಯೇಸುಸ್ವಾಮಿಯು ಜನರಿಗೆ ಬೋಧಿಸಲು ಹೊರಡುವ ಮುನ್ನ ನಲವತ್ತು ದಿನ ಅರಣ್ಯದಲ್ಲಿ ಒಂಟಿಯಾಗಿದ್ದನೆಂದು ಸುವಾರ್ತೆಗಳು ಹೇಳುತ್ತವೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಸಭೆಯ ನಿಯಮಗಳಲ್ಲಿಯೇ ನಲವತ್ತು ದಿನಗಳ ಕಾಲವೊಂದರ ಪ್ರಸ್ತಾಪವಿದೆ. ಐದನೆಯ ಶತಮಾನದಲ್ಲಿ ಪ್ಯಾಲೆಸ್ಟೈನಿನ ಯೂಥಿಮಿಯಸ್ ಎಂಬ ಮುನಿ ಪ್ರತಿ ವರ್ಷವೂ ಆಶ್ರಮವನ್ನು ಬಿಟ್ಟು ಒಳಗಿನ ಮರಳುಗಾಡನ್ನು ಹೊಕ್ಕು, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಹಿಂದಿರುಗುತ್ತಿದ್ದರು. ಮೊದಲೇ ಏಕಾಂತದಲ್ಲಿದ್ದವರಿಗೂ ಇನ್ನಷ್ಟು ಏಕಾಂತ ಬೇಕೆನಿಸಿದ ಕಾಲವಿದು.

ಈ ಮುನಿಗಳು ದೇಹವನ್ನು ದಂಡಿಸುವುದೊಂದನ್ನೇ ಬಲ್ಲವರಾಗಿರಲಿಲ್ಲ. ಈಜಿಪ್ಟಿನ ಸಂತ ಅಂತೋಣಿಯವರ ಕಥೆಯೊಂದು ಪ್ರಸಿದ್ಧವಾಗಿದೆ. ಅವರು ಶಿಷ್ಯರೊಡನೆ ನಗುನಗುತ್ತಾ ಮಾತನಾಡುತ್ತಿದ್ದುದನ್ನು ಕಂಡು ಬೇಟೆಗಾರನೊಬ್ಬ ಹುಬ್ಬೇರಿಸಿದನಂತೆ. ಅಂತೋಣಿಯವರು ಅವನಿಗೆ ಬಿಲ್ಲನ್ನೆಳೆದು ಬಾಣ ಬಿಡಲು ಹೇಳಿದರು, ಬಿಟ್ಟನು. ಮತ್ತೊಮ್ಮೆ ಎಂದರು, ಮಗುದೊಮ್ಮೆ ಎಂದರು. ಹೀಗೆ ಎಳೆಯುತ್ತಲೇ ಹೋದರೆ ಬಿಲ್ಲು ಮುರಿದೀತು ಎಂದು ಬೇಟೆಗಾರ ಗೊಣಗಿದಾಗ, ಮನುಷ್ಯನ ಪಾಡೂ ಅದೇ ಎಂದು ಮುನಿಗಳು ತಿಳಿಯಹೇಳಿದರು.

ಆಥೋಸಿನ ಮೌನಿಗಳು

ಈ ಪರಂಪರೆಯ ಮೌನಕ್ಕೆ ಗ್ರೀಕರು ಕೊಟ್ಟ ಹೆಸರು ‘ಹೆಸಿಖಿಯಾ’: ನಿಶ್ಚಲತೆ, ಶಾಂತಿ, ಒಳಗಿನ ವಿಶ್ರಾಂತಿ. ಉತ್ತರ ಗ್ರೀಸಿನ ಆಥೋಸ್ ಪರ್ವತದ ಸಂನ್ಯಾಸಿಗಳು ಇದನ್ನು ಸಾಧನಾಕ್ರಮವಾಗಿ ಬೆಳೆಸಿದರು. ತಗ್ಗಾದ ಪೀಠದ ಮೇಲೆ ತಲೆಬಾಗಿ ಕುಳಿತು, ಉಸಿರಾಟವನ್ನು ನಿಧಾನಗೊಳಿಸಿ, ಯೇಸುವಿನ ನಾಮವುಳ್ಳ ಕಿರುಪ್ರಾರ್ಥನೆಯೊಂದನ್ನು ಎಡೆಬಿಡದೆ ಜಪಿಸುವುದು ಅವರ ಪದ್ಧತಿ.

1296ರಲ್ಲಿ ಜನಿಸಿದ ಗ್ರೆಗರಿ ಪಲಮಾಸರು ಇಪ್ಪತ್ತು ವರ್ಷದ ಹೊತ್ತಿಗೆ ಅರಮನೆಯ ಆಶ್ರಯವನ್ನು ತೊರೆದು ಈ ಪರ್ವತವನ್ನೇರಿದರು. ವಾರದಲ್ಲಿ ಐದು ದಿನ ಒಬ್ಬಂಟಿಯಾಗಿ ಮೌನದಲ್ಲಿದ್ದು, ಶನಿವಾರ ಮತ್ತು ಭಾನುವಾರ ಸಹೋದರರೊಡನೆ ಪೂಜೆಯಲ್ಲಿಯೂ ಮಾತುಕತೆಯಲ್ಲಿಯೂ ಸೇರುವುದು ಅವರು ಅನುಸರಿಸಿದ ನಿಯಮ. ಮೌನಕ್ಕೂ ಒಂದು ಮಿತಿ, ಸಂಗಕ್ಕೂ ಒಂದು ಮಿತಿ.

ಆಪಾದನೆ ಮತ್ತು ತೀರ್ಪು

ದಕ್ಷಿಣ ಇಟಲಿಯ ಕಲಾಬ್ರಿಯದಿಂದ ಬಂದಿದ್ದ ಬರ್ಲಾಮ್ ಎಂಬ ಪಂಡಿತರು ಗಣಿತ, ಖಗೋಳ, ತರ್ಕಗಳಲ್ಲಿ ನುರಿತವರು. ಮುಂದೆ ಇಟಲಿಯ ಮಹಾಕವಿ ಪೆಟ್ರಾರ್ಕನಿಗೆ ಗ್ರೀಕ್ ಪಾಠ ಹೇಳಿದವರೂ ಇವರೇ. ತಲೆಬಾಗಿ ಕುಳಿತ ಈ ಮೌನಿಗಳನ್ನು ‘ಹೊಕ್ಕುಳಲ್ಲಿ ಆತ್ಮವನ್ನಿಟ್ಟುಕೊಂಡವರು’ ಎಂದು ಅವರು ಗೇಲಿ ಮಾಡಿದರು. ದೇವರು ಮನುಷ್ಯನ ಅರಿವಿಗೆ ಮೀರಿದವನು. ಕುಳಿತು ಉಸಿರು ಬಿಗಿಹಿಡಿದ ಮಾತ್ರಕ್ಕೆ ಅವನ ಬೆಳಕು ಕಾಣುವುದೆಂತು? ಇದು ಅವರ ವಾದ.

ಪಲಮಾಸರು ಲೇಖನಿಯನ್ನು ಹಿಡಿದು ಉತ್ತರ ಕೊಟ್ಟರು. ದೇವರ ಸ್ವರೂಪವು ಅರಿವಿಗೆ ಮೀರಿದ್ದೆಂಬುದು ನಿಜ. ಆದರೆ ಸೂರ್ಯಬಿಂಬವನ್ನು ಮುಟ್ಟಲಾಗದಿದ್ದರೂ ಅದರ ಕಿರಣ ನಮ್ಮನ್ನು ಮುಟ್ಟುವಂತೆ, ಅವನ ಶಕ್ತಿಯು ಮನುಷ್ಯನನ್ನು ತಲುಪಬಲ್ಲುದು. ದೇಹವೇನೂ ಹಗೆಯಲ್ಲ, ಪ್ರಾರ್ಥನೆಯಲ್ಲಿ ಅದಕ್ಕೂ ಪಾಲುಂಟು.

1341ರ ಜೂನ್ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ಧರ್ಮಸಭೆ ಕೂಡಿತು. ತೀರ್ಪು ಮೌನಿಗಳ ಪರವಾಯಿತು. ಬರ್ಲಾಮರು ಇಟಲಿಗೆ ಹಿಂದಿರುಗಿದರು. ಆದರೆ ಕೆಲವೇ ದಿನಗಳಲ್ಲಿ ಚಕ್ರವರ್ತಿ ತೀರಿಕೊಂಡು ಅಂತರ್ಯುದ್ಧ ಹೊತ್ತಿಕೊಂಡಿತು. ಅದರ ಸುಳಿಯಲ್ಲಿ ಸಿಕ್ಕ ಪಲಮಾಸರು 1343ರಲ್ಲಿ ಸೆರೆಯಾದರು; ಮರುವರ್ಷ ಧರ್ಮಬಹಿಷ್ಕಾರಕ್ಕೂ ಗುರಿಯಾದರು. 1347ರಲ್ಲಿ ಯುದ್ಧ ಮುಗಿದ ಮೇಲೆಯೇ ಅವರಿಗೆ ಬಿಡುಗಡೆ. ಆ ವರ್ಷವೂ, ಮರಳಿ 1351ರಲ್ಲಿಯೂ ಧರ್ಮಸಭೆಗಳು ಅವರ ಬೋಧೆಯನ್ನೇ ಎತ್ತಿಹಿಡಿದವು.

ಏಕಾಂತವನ್ನು ಬಯಸಿದ್ದ ಆ ಮುನಿಯನ್ನು ಥೆಸಲೋನಿಕಿ ನಗರದ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ದಂಗೆಯಿಂದ ಒಡೆದುಹೋಗಿದ್ದ ಊರದು. 1350ರವರೆಗೆ ಒಳಗೆ ಕಾಲಿಡಲೂ ಅವರಿಗೆ ಸಾಧ್ಯವಾಗಲಿಲ್ಲ. ಕಾಲಿಟ್ಟ ಮೇಲೆ ಅವರು ಬಾಯಿ ಮುಚ್ಚಿ ಕುಳಿತವರಲ್ಲ. ಬಡವರನ್ನು ಹಿಂಡುವ ಬಡ್ಡಿವ್ಯವಹಾರವನ್ನು ತಮ್ಮ ಉಪದೇಶಗಳಲ್ಲಿ ಖಂಡಿಸಿದರು. ಮೌನವು ಹೊಣೆಯಿಂದ ತಪ್ಪಿಸಿಕೊಳ್ಳುವ ಉಪಾಯವೆಂಬ ಆಕ್ಷೇಪಕ್ಕೆ ಅವರ ಜೀವನವೇ ಸಮಾಧಾನವಾಯಿತು.

ಸಂಸಾರಿಗಳ ಮಾತೇನು?

ಪರ್ವತದ ಮೇಲಿನವರಿಗೆ ಇದೆಲ್ಲ ಸಾಧ್ಯ. ಕಚೇರಿಗೆ ಓಡುವವರಿಗೆ, ಮಕ್ಕಳ ಗಲಾಟೆಯ ನಡುವೆ ಒಲೆ ಹಚ್ಚುವವರಿಗೆ ನಿಶ್ಚಲತೆ ಎಲ್ಲಿಂದ ಬರಬೇಕು? ಇದಕ್ಕೆ ಪಲಮಾಸರ ಮನೆಯಲ್ಲಿಯೇ ಒಂದು ನಿದರ್ಶನವಿದೆ. ಅವರ ತಂದೆ ಚಕ್ರವರ್ತಿಯ ಮಂತ್ರಾಲೋಚನಾ ಸಭೆಯ ಸದಸ್ಯರು, ಹೆಂಡತಿ ಮಕ್ಕಳುಳ್ಳ ಗೃಹಸ್ಥರು. ಒಮ್ಮೆ ತುಂಬಿದ ಸಭೆಯಲ್ಲಿ ಚಕ್ರವರ್ತಿ ಮಾತನಾಡಿಸಿದಾಗಲೂ ಅವರಿಗೆ ಕೇಳಿಸಲಿಲ್ಲವಂತೆ. ಮನಸ್ಸು ಪ್ರಾರ್ಥನೆಯಲ್ಲಿ ಮುಳುಗಿಹೋಗಿತ್ತು. ಅದನ್ನರಿತ ಚಕ್ರವರ್ತಿ ಕೋಪಿಸಿಕೊಳ್ಳದೆ ಅವರನ್ನು ಅವರ ಪಾಡಿಗೆ ಬಿಟ್ಟನೆಂದು ಪಲಮಾಸರ ಚರಿತ್ರೆಯನ್ನು ಬರೆದ ಫಿಲೋಥಿಯೋಸರು ಹೇಳುತ್ತಾರೆ.

ವಿಶ್ರಾಂತಿಗೂ ಆಲಸ್ಯಕ್ಕೂ ಇರುವ ಭೇದವನ್ನು ಆರ್ಥೊಡಾಕ್ಸ್ ಸಭೆಯವರು ಈ ಕಾಲದಲ್ಲಿ ಮತ್ತೆ ಮತ್ತೆ ನೆನೆಯುತ್ತಾರೆ. ಸಿರಿಯಾದ ಸಂತ ಎಫ್ರೇಮರದೆಂದು ಹೇಳುವ ತಪಸ್ಸುಕಾಲದ ಪ್ರಾರ್ಥನೆಯಲ್ಲಿ, ತೊಲಗಿಸಬೇಕೆಂದು ಬೇಡುವ ದೋಷಗಳ ಪೈಕಿ ಸೋಮಾರಿತನವೂ ಇದೆ, ವ್ಯರ್ಥವಾದ ಮಾತೂ ಇದೆ. ಇದನ್ನು ಹೇಳುವಾಗ ಜನರು ನೆಲಕ್ಕೆ ಬಾಗಿ ನಮಸ್ಕರಿಸುವುದೂ ಉಂಟು. ನಿಶ್ಚಲತೆಯೆಂದರೆ ಜಡತ್ವವಲ್ಲವೆಂಬುದನ್ನು ದೇಹವೂ ಹೀಗೆ ಕಲಿಯುತ್ತದೆ.

ಸಂಸಾರಿಗಳು ಲಕ್ಷ್ಯದಲ್ಲಿಡಬೇಕಾದ ಮತ್ತೊಂದು ಸಂಗತಿಯುಂಟು. ಒಂದು ಮನೆಯಲ್ಲಿ ಒಬ್ಬರ ನೆಮ್ಮದಿ ಎಷ್ಟೋ ವೇಳೆ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ. ಯಜಮಾನನು ಕಣ್ಮುಚ್ಚಿ ಕುಳಿತಿರುವಾಗ ಗೃಹಿಣಿಯು ಎರಡು ಬಗೆಯ ಅಡುಗೆಯನ್ನು ಅಣಿಮಾಡುತ್ತಿದ್ದರೆ, ಆ ವ್ರತ ಒಬ್ಬರಿಗೆ ವಿರಾಮ, ಇನ್ನೊಬ್ಬರಿಗೆ ಇಮ್ಮಡಿ ಕೆಲಸ. ಸರಳವಾದ ಊಟದಿಂದ ಹೊಟ್ಟೆ ಹಗುರಾಗುವಂತೆ ಅಡುಗೆಮನೆಯೂ ಹಗುರಾಗಬೇಕು. ಹಾಗೆ ಉಳಿದ ಹೊತ್ತು ಮನೆಯವರೆಲ್ಲರಿಗೂ ಸಮನಾಗಿ ಸಲ್ಲಬೇಕು. ರೇಡಿಯೋ, ದೂರದರ್ಶನ, ಕೈಯಲ್ಲಿನ ಫೋನು—ಇವೆಲ್ಲ ಅರ್ಧ ಗಂಟೆ ಸುಮ್ಮನಿದ್ದು, ಯಾರೂ ಯಾರನ್ನೂ ಯಾವ ಕೆಲಸಕ್ಕೂ ಕರೆಯದಂತಿದ್ದರೆ ಆ ಅರ್ಧ ಗಂಟೆಯೂ ತಪಸ್ಸುಕಾಲದ ಲೆಕ್ಕಕ್ಕೆ ಸೇರುತ್ತದೆ.

ಪಲಮಾಸರು 1357ರಲ್ಲಿ ದೈವಾಧೀನರಾದರು. 1368ರಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಲಾಯಿತು. ಆರ್ಥೊಡಾಕ್ಸ್ ಸಭೆ ಅವರ ಸ್ಮರಣೆಗೆ ಮೀಸಲಿಟ್ಟಿರುವುದು ವ್ರತಕಾಲದ ಎರಡನೆಯ ಭಾನುವಾರವನ್ನು. ಮೊದಲ ವಾರದ ಹುರುಪು ಇಳಿದು, ಸುಮ್ಮನೆ ಕುಳಿತು ಫಲವೇನೆಂದು ಮನಸ್ಸು ಕೇಳತೊಡಗುವ ಹೊತ್ತು ಅದು. ಆ ಪ್ರಶ್ನೆಗೆ ನಾಲ್ಕು ವರ್ಷ ಸೆರೆಯಲ್ಲಿದ್ದೂ ತಮ್ಮ ಉತ್ತರವನ್ನು ಬದಲಿಸದ ಒಬ್ಬರನ್ನು ಭಕ್ತರು ಅಂದು ನೆನೆಯುತ್ತಾರೆ.